ಮೆನಿಯರ್ಸ್ ಬಂದವರು ದಿನ ನಡೆಸುವುದು ಹೇಗೆ: ತೋಟದ ರೈಟರ್ ಒಬ್ಬನ ಲೆಕ್ಕ

ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಬೆಳಿಗ್ಗೆ ಹಾಜರಿ, ಸಂಜೆ ತೂಕ, ವಾರಕ್ಕೊಮ್ಮೆ ಬಟವಾಡೆ. ಏಳು ವರ್ಷದ ಹಿಂದೆ ಜನವರಿಯಲ್ಲಿ, ರೊಬಸ್ಟಾ ಕೊಯ್ಲಿನ ನಡುವೆ, ಸಂಜೆ ಹಣ್ಣು ತೂಗಿಸುತ್ತಿದ್ದೆ. ತಕ್ಕಡಿಯ ಮುಳ್ಳು ನಿಲ್ಲುತ್ತಲೇ ಇಲ್ಲ ಅನ್ನಿಸಿತು. ಮುಳ್ಳು ನಿಂತೇ ಇತ್ತು. ತಿರುಗುತ್ತಿದ್ದದ್ದು ಕಣ, ಮೂಟೆಗಳು, ಸಾಲಿನಲ್ಲಿ ನಿಂತ ಹೆಂಗಸರು, ಹಿಂದಿನ ಸಿಲ್ವರ್ ಓಕ್ ಮರಗಳು. ಪುಸ್ತಕ ಕೈಯಿಂದ ಬಿತ್ತು. ನಾನೂ ಬಿದ್ದೆ. ಎರಡೂವರೆ ಗಂಟೆ ಅದೇ ಕಣದಲ್ಲಿ ಟಾರ್ಪಾಲಿನ ಮೇಲೆ ಮಲಗಿ ವಾಂತಿ ಮಾಡಿಕೊಂಡೆ.

ಮಾರನೆಯ ದಿನ ಕೂಲಿಯವರ ಲೈನ್ ಮನೆಗಳಲ್ಲಿ ಒಂದೇ ಮಾತು. ರೈಟ್ರು ಕುಡಿದು ಬಂದಿದ್ರು ಅಂತ. ನಾನು ಕುಡಿಯುವವನಲ್ಲ. ಆ ಮಾತು ಬಹಳ ನೋಯಿಸಿತು. ನನಗೆ ಬಂದದ್ದು ಮೆನಿಯರ್ಸ್ ಅನ್ನುವ ಒಳಕಿವಿಯ ಕಾಯಿಲೆ. ಅದು ಇರುವ ಎಷ್ಟೋ ಜನ ಈ ಮಾತು ಕೇಳಿರುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದು ಏನು ಅಂತ ತಿಳಿಯಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಮನೆಯಲ್ಲಿ ಅತ್ತೆಯವರು ಪಿತ್ತ ನೆತ್ತಿಗೇರಿದೆ ಅಂದರು. ಜೀರಿಗೆ ಕಷಾಯ, ನಿಂಬೆಹಣ್ಣು ಎಲ್ಲ ಆಯಿತು. ಒಂದು ಕ್ಲಿನಿಕ್ಕಿನಲ್ಲಿ ಕುತ್ತಿಗೆ ಮೂಳೆ ಸವೆದಿದೆ ಅಂತ ಪಟ್ಟಿ ಕಟ್ಟಿಸಿದರು. ಮೂರು ತಿಂಗಳು ಕತ್ತು ತಿರುಗಿಸದೆ ಹಾಜರಿ ಕರೆದೆ. ಯಾರೂ ಕಿವಿಯ ಬಗ್ಗೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಡಗಿವಿ ಕಟ್ಟಿಕೊಳ್ಳುತ್ತಿತ್ತು, ಒಳಗೆ ಗುಂಯ್ ಅನ್ನುತ್ತಿತ್ತು. ಆದರೆ ತಲೆ ತಿರುಗುವುದಕ್ಕೂ ಕಿವಿಗೂ ಏನು ಸಂಬಂಧ ಅಂದುಕೊಂಡು ಸುಮ್ನೆ ಇದ್ದುಬಿಟ್ಟೆ.

ಸಂಬಂಧ ಇದೆ. ಪ್ರಾಸ್ಪರ್ ಮೆನಿಯರ್ ಅನ್ನುವ ಫ್ರೆಂಚ್ ವೈದ್ಯರು 1861ರಲ್ಲೇ ಇದನ್ನು ಹೇಳಿದ್ದರು. ಅಲ್ಲಿಯವರೆಗೆ ಇಂಥ ತಲೆಸುತ್ತನ್ನು ಮಿದುಳಿನ ಕಾಯಿಲೆ ಅಂತ ನೋಡುತ್ತಿದ್ದರು. ಅವರ ಹೆಸರೇ ಕಾಯಿಲೆಗೆ ಬಂದಿದೆ.

ಗಡಿಯಾರ ನೋಡಿ, ಕಿವಿ ಕೇಳಿ

ನಾವು ಹತ್ತು ಬಗೆಯ ತೊಂದರೆಗೆ ತಲೆಸುತ್ತು ಅಂತ ಒಂದೇ ಹೆಸರು ಇಡುತ್ತೇವೆ. ಡಾಕ್ಟರಿಗೆ ಅದು ಸಾಲದು. ಎಷ್ಟು ಹೊತ್ತು ಇತ್ತು, ಕಿವಿಯಲ್ಲಿ ಏನಾಯಿತು ಅನ್ನುವ ಎರಡು ವಿಷಯ ಹೇಳಿದರೆ ಅರ್ಧ ಕೆಲಸ ಆಯಿತು.

ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಕೂತರೆ ಸರಿಹೋದರೆ ಅದು ಹೆಚ್ಚಾಗಿ ರಕ್ತದೊತ್ತಡದ ವಿಷಯ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೆಲವು ಸೆಕೆಂಡು ಗಿರ್ರನೆ ತಿರುಗಿ ನಿಂತರೆ ಬೇರೆ. ಒಳಕಿವಿಯ ಸಣ್ಣ ಹರಳುಗಳು ಜಾಗ ಬಿಟ್ಟು ಹೋದಾಗ ಹಾಗಾಗುತ್ತದೆ. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಡಾಕ್ಟರು ಅದನ್ನು ಸರಿಮಾಡುತ್ತಾರೆ. ಮೆನಿಯರ್ಸ್ ತಿರುಗಾಟ, ಅಂದರೆ ಸುತ್ತಲಿನದೆಲ್ಲ ತಿರುಗಿದ ಹಾಗಾಗುವುದು, ಸಾಮಾನ್ಯವಾಗಿ 20 ನಿಮಿಷದಿಂದ 12 ಗಂಟೆವರೆಗೆ ಇರುತ್ತದೆ. ಜೊತೆಗೆ ಒಂದು ಕಿವಿ ತುಂಬಿದ ಹಾಗೆ, ಶಬ್ದ ಬಂದ ಹಾಗೆ, ಕೇಳುವುದು ಕಡಿಮೆಯಾದ ಹಾಗೆ ಇರುತ್ತದೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದೆ ಅಲ್ವಾ? ಹಾಗೆಯೇ. ಆದರೆ ಎಂಜಲು ನುಂಗಿದರೂ ಬಿಡುವುದಿಲ್ಲ.

ಕಿವಿಗೆ ಹೆಡ್‌ಫೋನ್ ಹಾಕಿ ಮಾಡುವ ಆಡಿಯೋಗ್ರಾಮ್ ಪರೀಕ್ಷೆ ಮಾಡಿಸಲೇಬೇಕು. ಈ ಕಾಯಿಲೆಯಲ್ಲಿ ಶುರುವಿನಲ್ಲಿ ದಪ್ಪ ಸ್ವರಗಳು ಕೇಳುವುದು ಕಡಿಮೆಯಾಗುತ್ತದೆ. ಮತ್ತೆ ಸರಿಹೋಗುತ್ತದೆ, ಮತ್ತೆ ಕಡಿಮೆಯಾಗುತ್ತದೆ. ಅದಕ್ಕೇ ಒಂದು ಸಲದ ಚೀಟಿ ಸಾಲದು. ಎಲ್ಲ ಚೀಟಿಗಳನ್ನೂ ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿ ಇಡಿ. ಒಂದೇ ಕಿವಿ ಮಂದವಾದರೆ ಎಂಆರ್‌ಐ ಸಹ ಮಾಡಿಸಲು ಹೇಳಬಹುದು. ಕಿವಿಯ ನರದ ಮೇಲೆ ಗಡ್ಡೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಅದು. ಹೆದರಬೇಡಿ. ನನಗೆ ಪರೀಕ್ಷೆಗಳೆಲ್ಲ ಆದದ್ದು ಮೈಸೂರಿನಲ್ಲಿ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಕಿವಿ ಮತ್ತು ಮಾತಿನ ಕೆಲಸಕ್ಕಾಗಿಯೇ ಇರುವ ಜಾಗ. ಕೊಡಗಿನವರಿಗೆ ಬೆಳಿಗ್ಗೆ ಹೋಗಿ ರಾತ್ರಿ ಬರುವಷ್ಟು ಹತ್ತಿರ.

ಒಳಗೆ ಆಗುವುದು ಏನು ಅಂದರೆ, ಒಳಕಿವಿಯ ಕೊಳವೆಗಳಲ್ಲಿ ಎಂಡೋಲಿಂಫ್ ಅನ್ನುವ ನೀರು ಇರುತ್ತದೆ. ಕೇಳುವುದಕ್ಕೂ ಅದೇ, ಬೀಳದಂತೆ ಮೈಯ ಸಮತೋಲ ಹಿಡಿಯುವುದಕ್ಕೂ ಅದೇ. ಈ ಕಾಯಿಲೆಯಲ್ಲಿ ಆ ನೀರು ಜಾಸ್ತಿಯಾಗಿ ತೆಳು ಪೊರೆಗಳು ಉಬ್ಬುತ್ತವೆ. ಯಾಕೆ ಉಬ್ಬುತ್ತವೆ ಅನ್ನುವುದು ವೈದ್ಯರಿಗೂ ಇನ್ನೂ ಪೂರ್ತಿ ಬಿಡಿಸಲಾಗದ ಗಂಟು. ಪೂರ್ತಿ ವಾಸಿ ಮಾಡುವ ಔಷಧಿಯೂ ಇಲ್ಲ. ಈ ಮಾತನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ಒಪ್ಪಿದ ಮೇಲೆ ಕೆಲಸ ಸುಲಭವಾಯಿತು. ಯಾವಾಗ ಬರುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಬಂದಾಗ ನಾವು ಎಲ್ಲಿರುತ್ತೇವೆ, ಯಾರ ಜೊತೆ ಇರುತ್ತೇವೆ ಅನ್ನುವುದು ಬಹಳಮಟ್ಟಿಗೆ ನಮ್ಮ ಕೈಯಲ್ಲಿದೆ.

ಬಂದ ಹೊತ್ತಿನಲ್ಲಿ

ಎಲ್ಲಿದ್ದೀರೋ ಅಲ್ಲೇ ಕೂತುಬಿಡಿ. ಮನೆ ತಲುಪುತ್ತೇನೆ, ಕುರ್ಚಿ ಹುಡುಕುತ್ತೇನೆ ಅನ್ನಬೇಡಿ. ಕೆಸರಾದರೂ ಸರಿ, ಜಿಗಣೆ ಇದ್ದರೂ ಸರಿ, ನೆಲವೇ ಒಳ್ಳೆಯದು. ಕೂತ ಮೇಲೆ ಮಲಗಿ. ತೊಂದರೆಯ ಕಿವಿ ಮೇಲೆ ಬರುವ ಹಾಗೆ ಮಗ್ಗುಲಾಗಿ ಮಲಗುವುದು ನನಗೆ ಹಿತ. ವಾಂತಿ ಬಂದರೆ ಉಸಿರಿಗೆ ಸಿಕ್ಕಿಕೊಳ್ಳದಿರಲು ಅಂಗಾತ ಮಾತ್ರ ಮಲಗಬೇಡಿ. ಕಣ್ಣನ್ನು ಅಲುಗಾಡದ ಒಂದು ವಸ್ತುವಿನ ಮೇಲೆ ನೆಡಿ. ತಲೆ ಆಡಿಸಬೇಡಿ. ಯಾರಾದರೂ ಎತ್ತಿ ಕೂರಿಸಲು ಬಂದರೆ ಬೇಡ ಅಂತ ಕೈಸನ್ನೆ ಮಾಡಿ. ಸಹಾಯ ಮಾಡುವವರು ಮೊದಲು ಮಾಡುವ ತಪ್ಪು ಅದೇ, ಎತ್ತಿ ನಿಲ್ಲಿಸುವುದು.

ವಾಂತಿ ಮತ್ತು ತಿರುಗಾಟ ತಡೆಯಲು ಡಾಕ್ಟರು ಪ್ರೋಕ್ಲೋರ್‌ಪೆರಜಿನ್ ಥರದ ಗುಳಿಗೆ ಕೊಡುತ್ತಾರೆ. ಅದು ಬಂದ ದಿನಕ್ಕೆ ಮಾತ್ರ. ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆದು ದಿನಾ ನುಂಗುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬಹಳ ದಿನ ತೆಗೆದುಕೊಂಡರೆ ಕೈ ನಡುಗುವುದು, ಮೈ ಬಿಗಿಯುವುದು ಶುರುವಾಗಬಹುದು. ಮಿದುಳು ತಾನಾಗಿ ಸಮತೋಲ ಹಿಡಿಯಲು ಕಲಿಯುವುದನ್ನೂ ಅದು ನಿಧಾನ ಮಾಡುತ್ತದೆ.

ಇಷ್ಟು ಮಾತ್ರ ಮನೆಯವರೆಲ್ಲರಿಗೂ ಗೊತ್ತಿರಲಿ. ತಿರುಗಾಟದ ಜೊತೆ ಮುಖ ಒಂದು ಕಡೆ ವಾಲಿದರೆ, ಒಂದು ಕೈ ಅಥವಾ ಕಾಲಿಗೆ ಬಲ ಇಲ್ಲದಿದ್ದರೆ, ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಹಿಂದೆಂದೂ ಬಾರದಂಥ ತಲೆನೋವು ಬಂದರೆ ಅದು ಕಿವಿಯದಲ್ಲ ಅಂದುಕೊಂಡು ತಕ್ಷಣ ಆಸ್ಪತ್ರೆಗೆ ಹೊರಡಿ. ಪಾರ್ಶ್ವವಾಯು ಇರಬಹುದು. ಇದ್ದಕ್ಕಿದ್ದಂತೆ ಒಂದು ಕಿವಿ ಪೂರ್ತಿ ಕೇಳದಂತಾದರೂ ಕಾಯಬೇಡಿ. ಮೊದಲ ಕೆಲವು ದಿನಗಳಲ್ಲೇ ಸ್ಟಿರಾಯ್ಡ್ ಶುರುಮಾಡಿದರೆ ಕೇಳುವ ಶಕ್ತಿ ಉಳಿಯುವ ಸಾಧ್ಯತೆ ಹೆಚ್ಚು. ವಾಂತಿ ನಿಲ್ಲದೆ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಡ್ರಿಪ್ ಬೇಕಾಗುತ್ತದೆ.

ತಿರುಗಾಟ ನಿಂತ ಮೇಲೆ ನಿದ್ದೆ ಎಳೆಯುತ್ತದೆ. ಮಲಗಿ. ಮಾರನೆಯ ದಿನವೂ ನೆಲ ಮೆತ್ತಗಿದ್ದ ಹಾಗೆ ಇರುತ್ತದೆ. ಆ ದಿನ ಗಾಡಿ ಮುಟ್ಟಬೇಡಿ. ಇನ್ನು ಮುಂದೆ ಗಾಡಿ ಓಡಿಸಬಹುದೇ ಅನ್ನುವುದನ್ನು ಡಾಕ್ಟರೇ ಹೇಳಬೇಕು. ಮುನ್ಸೂಚನೆ ಇಲ್ಲದೆ ಬರುತ್ತಿದ್ದರೆ ಓಡಿಸಲೇಬಾರದು. ನಮ್ಮ ರಸ್ತೆಗಳ ತಿರುವು ನಿಮಗೆ ಗೊತ್ತು. ನಾನು ಬೈಕ್ ಮಾರಿದೆ. ಈಗ ಜೀಪಿನಲ್ಲಿ ಡ್ರೈವರ್ ಪಕ್ಕದ ಸೀಟು.

ಉಪ್ಪಿನ ಪ್ಯಾಕೆಟ್ಟಿನ ಮೇಲೆ ತಾರೀಖು ಬರೆಯಿರಿ

ಡಾಕ್ಟರು ಮೊದಲು ಹೇಳುವುದು ಉಪ್ಪು ಕಡಿಮೆ ಮಾಡಿ ಅಂತ. ದಿನಕ್ಕೆ ಸೋಡಿಯಂ 1500ರಿಂದ 2000 ಮಿಲಿಗ್ರಾಂ ದಾಟಬಾರದು ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಮನೆಯಲ್ಲಿ ಆ ಚೀಟಿ ಯಾರಿಗೂ ಅರ್ಥವಾಗಲಿಲ್ಲ. ಲೆಕ್ಕ ನನ್ನ ಕಸುಬು, ಹಾಗಾಗಿ ಕೂತು ಮಾಡಿದೆ. 5 ಗ್ರಾಂ ಅಡುಗೆ ಉಪ್ಪಿನಲ್ಲಿ ಸುಮಾರು 2000 ಮಿಲಿಗ್ರಾಂ ಸೋಡಿಯಂ ಇರುತ್ತದೆ. 5 ಗ್ರಾಂ ಅಂದರೆ ಹೆಚ್ಚು ಕಡಿಮೆ ಒಂದು ಟೀ ಚಮಚ. ನಮ್ಮ ಮನೆಯಲ್ಲಿ ನಾಲ್ಕು ಜನ. ತಲೆಗೆ 5 ಗ್ರಾಂ ಅಂದರೆ ದಿನಕ್ಕೆ 20 ಗ್ರಾಂ. ಅಂದರೆ 1 ಕೆ.ಜಿ. ಪ್ಯಾಕೆಟ್ 50 ದಿನ ಬರಬೇಕು. ಒಡೆದ ದಿನ ಪ್ಯಾಕೆಟ್ಟಿನ ಮೇಲೆ ಪೆನ್ನಿನಲ್ಲಿ ತಾರೀಖು ಬರೆದೆ. 28 ದಿನಕ್ಕೆ ಮುಗಿಯಿತು. ತಲೆಗೆ ಸುಮಾರು 9 ಗ್ರಾಂ. ಅದರ ಮೇಲೆ ಉಪ್ಪಿನಕಾಯಿ, ಒಣ ಮೀನು, ಬೇಕರಿ ತಿಂಡಿ ಬೇರೆ.

ನನ್ನ ಹೆಂಡತಿ ಇದನ್ನು ನನಗಿಂತ ಚೆನ್ನಾಗಿ ನಡೆಸಿದಳು. ಒಂದೇ ಸಲ ಕಡಿಮೆ ಮಾಡಲಿಲ್ಲ. ಒಂದು ತಿಂಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿದಳು. ಇಲ್ಲದಿದ್ದರೆ ಮಕ್ಕಳು ತಟ್ಟೆ ದೂಡುತ್ತಿದ್ದರು. ಉಪ್ಪಿನ ಜಾಗಕ್ಕೆ ಹುಳಿ ಮತ್ತು ಖಾರ ತಂದಳು. ಈ ವಿಷಯದಲ್ಲಿ ಕೊಡಗಿನವರು ಅದೃಷ್ಟವಂತರು ಅಂತ ನನ್ನ ಅನಿಸಿಕೆ. ಹಣ್ಣಿನ ರಸ ಕಾಯಿಸಿ ಮಾಡುವ ಹುಳಿ ಕಾಚಂಪುಳಿ ಇದೆ, ತೋಟದ ಕರಿಮೆಣಸು ಇದೆ, ಗಾಂಧಾರಿ ಮೆಣಸು ಇದೆ. ನಾವು ಮನೆಯಲ್ಲಿ ಕಾಯಿಸುವ ಕಾಚಂಪುಳಿಗೆ ಉಪ್ಪು ಹಾಕುವುದಿಲ್ಲ. ಅರ್ಧ ಚಮಚ ಬಿದ್ದರೆ ಸಾರಿಗೆ ಉಪ್ಪು ಕಡಿಮೆ ಆಗಿದೆ ಅಂತ ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಕಡಂಬುಟ್ಟು, ನೂಪುಟ್ಟು, ಅಕ್ಕಿ ರೊಟ್ಟಿಗೆ ಈಗ ನಮ್ಮಲ್ಲಿ ಉಪ್ಪೇ ಇಲ್ಲ. ಜೊತೆಗೆ ಬರುವ ಸಾರಿನಲ್ಲಿ ಇರುವುದು ಸಾಕು.

ಬಿಡಲೇಬೇಕಾದದ್ದು ಮಳೆಗಾಲದ ಒಣ ಮೀನು. ಅದನ್ನು ಎಷ್ಟು ತೊಳೆದರೂ ಉಪ್ಪು ಹೋಗುವುದಿಲ್ಲ. ಉಪ್ಪಿನಲ್ಲಿ ಹಾಕಿಟ್ಟ ಕಣಿಲೆ (ಎಳೆ ಬಿದಿರು), ಮಾವಿನ ಮಿಡಿ, ಕೈಪುಳಿ ಉಪ್ಪಿನಕಾಯಿ ಸಹ ಹಾಗೆಯೇ. ನನಗೆ ಇದೇ ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ಜುಲೈ ತಿಂಗಳಲ್ಲಿ ಗಂಜಿಗೆ ಒಣ ಮೀನು ಇಲ್ಲ ಅಂದರೆ ಊಟ ಮಾಡಿದ ಹಾಗೇ ಇರುತ್ತಿರಲಿಲ್ಲ. ಈಗ ಹಸಿ ಕಣಿಲೆ ಸಿಕ್ಕಾಗ ನೀರು ಬದಲಿಸಿ ನೆನೆಸಿ ಬೇಯಿಸಿ ಪಲ್ಯ ಮಾಡುತ್ತೇವೆ. ಮದುವೆ ಊಟ ಬಿಟ್ಟಿಲ್ಲ. ಪಂದಿಕರಿ ಎರಡು ತುಂಡು, ಗ್ರೇವಿ ಬೇಡ ಅನ್ನುತ್ತೇನೆ. ಕಡಿಮೆ ಸೋಡಿಯಂ ಅಂತ ಮಾರುವ ಉಪ್ಪು ಬರುತ್ತದಲ್ಲ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಬಿಪಿ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಬಳಸಬಾರದು.

ಕಾಫಿ ಬಗ್ಗೆಯೂ ಹೇಳಬೇಕು. ಕೆಫೀನ್ ಕಡಿಮೆ ಮಾಡಿ ಅಂತ ಹೇಳುತ್ತಾರೆ. ನಾನು ದಿನಕ್ಕೆ ಆರು ಲೋಟ ಬೆಲ್ಲದ ಕಾಫಿ ಕುಡಿಯುತ್ತಿದ್ದೆ. ಈಗ ಬೆಳಿಗ್ಗೆ ಒಂದು, ಮೂರು ಗಂಟೆಗೆ ಒಂದು ಸಣ್ಣ ಲೋಟ. ಅದಕ್ಕಿಂತ ಕೆಳಗೆ ಇಳಿಯಲು ನನ್ನಿಂದ ಆಗಲಿಲ್ಲ. ಡಾಕ್ಟರು ಅಷ್ಟಕ್ಕೇ ಒಪ್ಪಿದರು.

ಉಪ್ಪು ಬಿಟ್ಟರೆ ಎಲ್ಲರಿಗೂ ನಿಂತುಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಅಷ್ಟು ಗಟ್ಟಿ ಪುರಾವೆ ಇಲ್ಲ. ಬೀಟಾಹಿಸ್ಟಿನ್ ಗುಳಿಗೆಯ ಕಥೆಯೂ ಹೀಗೇ. ನಮ್ಮಲ್ಲಿ ಹೆಚ್ಚಾಗಿ ಬರೆದುಕೊಡುವ ಗುಳಿಗೆ ಅದು, ನಾನೂ ತೆಗೆದುಕೊಳ್ಳುತ್ತೇನೆ. ನರ್ಸಿಂಗ್ ಓದಿದ ಮಗಳು ಒಂದು ದಿನ ಹೇಳಿದಳು, "ಅಪ್ಪಾ, ಜರ್ಮನಿಯಲ್ಲಿ 221 ಜನರ ಮೇಲೆ ಪರೀಕ್ಷೆ ಮಾಡಿದ್ದಾರೆ. 2016ರಲ್ಲಿ ಅದರ ಫಲಿತಾಂಶ ಬಂತು. ಔಷಧಿಯೇ ಇಲ್ಲದ ಹುಸಿ ಗುಳಿಗೆ ತಗೊಂಡವರಲ್ಲೂ ಅಷ್ಟೇ ಕಡಿಮೆ ಆಗಿದೆ." ಅಂದರೆ ಈ ತಿರುಗಾಟ ಕೆಲವು ಕಾಲ ತಾನಾಗಿಯೇ ಕಡಿಮೆಯಾಗುತ್ತದೆ. ಆಗ ಯಾವ ಗುಳಿಗೆ, ಯಾವ ಬೇರು, ಯಾವ ಹರಕೆ ಕೈಯಲ್ಲಿದ್ದರೂ ಅದರಿಂದಲೇ ಆಯಿತು ಅನ್ನಿಸುತ್ತದೆ. ಗುಳಿಗೆ ನಿಲ್ಲಿಸಿ ಅನ್ನುತ್ತಿಲ್ಲ. ಡಾಕ್ಟರನ್ನು ಕೇಳಿ. ಸಾವಿರಾರು ರೂಪಾಯಿ ತೆಗೆದುಕೊಂಡು ಪೂರ್ತಿ ಗುಣ ಮಾಡುತ್ತೇವೆ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ.

ಇವೆಲ್ಲ ಸಾಲದಿದ್ದರೆ ಮುಂದೆಯೂ ದಾರಿ ಇದೆ. ಕಿವಿತಮಟೆಯ ಮೂಲಕ ಸ್ಟಿರಾಯ್ಡ್ ಸೂಜಿ ಹಾಕುತ್ತಾರೆ. ನನಗೆ ಎರಡು ಸಲ ಆಗಿದೆ, ಮರಗಟ್ಟಿಸಿ ಹಾಕುತ್ತಾರೆ, ತಡೆಯಬಹುದು. ಜೆಂಟಮೈಸಿನ್ ಸೂಜಿ ಇನ್ನೂ ಬಲವಾದದ್ದು, ಆದರೆ ಅದರಿಂದ ಉಳಿದ ಶ್ರವಣಶಕ್ತಿಗೂ ಪೆಟ್ಟು ಬೀಳಬಹುದು. ಎರಡು ಸಲ ಯೋಚಿಸಿ ಒಪ್ಪಬೇಕು. ಕೊನೆಗೆ ಆಪರೇಷನ್ ಸಹ ಇದೆ. ಅಮೆರಿಕದ ಗಗನಯಾತ್ರಿ ಆಲನ್ ಶೆಪರ್ಡ್ ಇದೇ ಕಾಯಿಲೆಯಿಂದ ಹಲವು ವರ್ಷ ಹಾರಲಾಗದೆ ಕೂತಿದ್ದರು. ಆಪರೇಷನ್ ಆಗಿ 1971ರಲ್ಲಿ ಚಂದ್ರನ ಮೇಲೆ ನಡೆದರು. ಮನಸ್ಸು ಕುಗ್ಗಿದ ದಿನ ನಾನು ಇದನ್ನು ನೆನೆಸಿಕೊಳ್ಳುತ್ತೇನೆ.

ಒಂದು ಕಿವಿಯಲ್ಲಿ ತೋಟ ಕೇಳುವುದು

ತಿರುಗಾಟಕ್ಕಿಂತ ಇದು ನನಗೆ ಹೆಚ್ಚು ಭಯ ತಂದಿದೆ. ಶಬ್ದ ಯಾವ ಕಡೆಯಿಂದ ಬಂತು ಅಂತ ತಿಳಿಯಲು ಎರಡು ಕಿವಿ ಬೇಕು. ಎರಡು ಕಿವಿಗೆ ಬರುವ ಸಣ್ಣ ವ್ಯತ್ಯಾಸದಿಂದಲೇ ಮಿದುಳು ದಿಕ್ಕು ಹಿಡಿಯುತ್ತದೆ. ನಮ್ಮ ಸುತ್ತಮುತ್ತ ಆನೆ ದಿನದ ಮಾತು. ಮೊದಲೆಲ್ಲ ಒಂದು ಕೊಂಬೆ ಮುರಿದರೆ ಯಾವ ಬ್ಲಾಕಿನಲ್ಲಿ ಅಂತ ಹೇಳಿಬಿಡುತ್ತಿದ್ದೆ. ಈಗ ಮುರಿದದ್ದು ಕೇಳುತ್ತದೆ, ಎಲ್ಲಿ ಅಂತ ಗೊತ್ತಾಗುವುದಿಲ್ಲ. ಒಂದು ಬೆಳಿಗ್ಗೆ ನಾನು ಶಬ್ದದಿಂದ ದೂರ ಹೋಗುತ್ತಿದ್ದೇನೆ ಅಂದುಕೊಂಡು ಆನೆಯ ಕಡೆಗೇ ನಡೆದಿದ್ದೆ. ಹಿಂದೆ ಇದ್ದ ಅಕ್ಕ ಒಬ್ಬರು ಅಂಗಿ ಹಿಡಿದು ಎಳೆದರು. "ರೈಟ್ರೇ, ಅತ್ಲಾಗ್ ಅಲ್ಲ, ಇತ್ಲಾಗ್ ಬನ್ನಿ!" ಆಮೇಲೆ ಅವರ ಕೈ ನಡುಗುತ್ತಿತ್ತು, ನನ್ನದೂ.

ಅಂದಿನಿಂದ ನಾನು ಒಬ್ಬನೇ ಬ್ಲಾಕಿಗೆ ಹೋಗುವುದಿಲ್ಲ. ಜೊತೆಗೆ ಎರಡು ಕಿವಿ ಸರಿ ಇರುವವರು ಬೇಕು, ಅವರು ನನ್ನ ಎಡಗಡೆ ನಡೆಯಬೇಕು. ಬೆಳಕು ಹರಿಯುವ ಮೊದಲು, ಕತ್ತಲಾದ ಮೇಲೆ ಹೊರಡುವುದಿಲ್ಲ. ಆನೆ ಎಲ್ಲಿದೆ ಅಂತ ಅಕ್ಕಪಕ್ಕದ ತೋಟದವರ ವಾಟ್ಸಾಪ್ ಗುಂಪಿನಲ್ಲಿ ನೋಡಿಯೇ ಗೇಟು ದಾಟುತ್ತೇನೆ. ಹಲಸು ಹಣ್ಣಾಗುವ ತಿಂಗಳುಗಳಲ್ಲಿ ಇನ್ನೂ ಜಾಗ್ರತೆ.

ಏಣಿ ಹತ್ತುವುದನ್ನು ಪೂರ್ತಿ ಬಿಡಿ. ಮೆಣಸು ಕೊಯ್ಯುವುದು, ಮರಗಸಿ ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವುದು ನಮ್ಮ ಕೆಲಸವಲ್ಲ ಇನ್ನು. ಕೆಲವರಿಗೆ ತಿರುಗಾಟವೇ ಇಲ್ಲದೆ ಯಾರೋ ದೂಡಿದ ಹಾಗೆ ಧೊಪ್ಪನೆ ಬೀಳುವುದೂ ಉಂಟು. ಅದಕ್ಕೆ ಮುನ್ಸೂಚನೆ ಇರುವುದಿಲ್ಲ. ನೀರು ಹಾಯಿಸುವ ಕಾಲದಲ್ಲಿ ಕೆರೆಯ ಅಂಚಿನಲ್ಲಿ ಒಬ್ಬರೇ ನಿಲ್ಲಬೇಡಿ, ಹೊಳೆಗೆ ಈಜಲು ಇಳಿಯಬೇಡಿ. ನೀರಿನ ಒಳಗೆ ತಿರುಗಾಟ ಬಂದರೆ ಮೇಲೆ ಯಾವುದು, ಕೆಳಗೆ ಯಾವುದು ಅಂತಲೇ ತಿಳಿಯುವುದಿಲ್ಲ.

ಮಂದವಾದ ಕಿವಿಗೆ ಜೋರು ಶಬ್ದ ಇನ್ನೂ ಹಿಂಸೆ. ಕೇಳುವುದು ಕಡಿಮೆ, ಆದರೆ ಕೇಳಿದ್ದು ಒಡೆದ ತಗಡಿನ ಹಾಗೆ. ಕಳೆ ಕತ್ತರಿಸುವ ಯಂತ್ರದ ಹತ್ತಿರ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹತ್ತಿರ ಕಿವಿಗೆ ಇಯರ್ ಮಫ್ ಹಾಕಿ. ಕೈಲ್ ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ, ಪುತ್ತರಿಯ ರಾತ್ರಿ ಸಿಡಿಮದ್ದು ಸಿಡಿಯುವಾಗ ದೂರ ನಿಲ್ಲಿ. ಒಳ್ಳೆಯ ಕಿವಿಯನ್ನೂ ಕಾಪಾಡಿಕೊಳ್ಳಬೇಕು. ಕೆಲವರಿಗೆ ಮುಂದೆ ಎರಡನೆಯ ಕಿವಿಗೂ ಬರುತ್ತದೆ.

ಶ್ರವಣಯಂತ್ರ ಹಾಕಿಕೊಳ್ಳಲು ಎರಡು ವರ್ಷ ನಾಚಿಕೆಪಟ್ಟೆ. ಆ ಎರಡು ವರ್ಷ ಹಾಜರಿ ಕರೆಯುವಾಗ ಯಾರು ಓ ಅಂದರು, ಯಾರು ಅನ್ನಲಿಲ್ಲ ತಿಳಿಯದೆ ಎಷ್ಟೋ ಜನರಿಗೆ ಗೈರು ಬಿತ್ತು. ಅವರ ಒಂದು ದಿನದ ಕೂಲಿ ಅದು. ತಿದ್ದಿಕೊಟ್ಟೆ, ಆದರೂ ಇಂದಿಗೂ ಬೇಸರವಿದೆ. ನಿಮ್ಮ ಶ್ರವಣಶಕ್ತಿ ಏರಿಳಿಯುತ್ತದೆ ಅಂತ ಯಂತ್ರ ಹೊಂದಿಸುವವರಿಗೆ ಮೊದಲೇ ಹೇಳಿ. ಬೇರೆ ಬೇರೆ ದಿನಕ್ಕೆ ಬೇರೆ ಬೇರೆ ಮಟ್ಟ ಹೊಂದಿಸಿಕೊಡುತ್ತಾರೆ.

ಜೇಬಿನಲ್ಲಿ ಒಂದು ಕಾರ್ಡ್ ಇಟ್ಟಿದ್ದೇನೆ. "ನನಗೆ ಒಳಕಿವಿಯ ಕಾಯಿಲೆ ಇದೆ. ನಾನು ಕುಡಿದಿಲ್ಲ. ಎತ್ತಬೇಡಿ, ಮಗ್ಗುಲಾಗಿ ಮಲಗಿಸಿ. ಈ ನಂಬರಿಗೆ ಫೋನ್ ಮಾಡಿ." ಲೈನ್ ಮನೆಯವರಿಗೆಲ್ಲ ಒಂದು ಸಂಜೆ ಕೂತು ವಿವರಿಸಿದೆ. ಆಮೇಲೆ ಕುಡಿದಿದ್ದಾರೆ ಅನ್ನುವ ಮಾತು ನನ್ನ ಕಿವಿಗೆ ಬಿದ್ದಿಲ್ಲ.

ಪುಸ್ತಕ ಮತ್ತು ನಡಿಗೆ

ಹಳೆಯ ಚೆಕ್‌ರೋಲ್ ಪುಸ್ತಕವೊಂದರಲ್ಲಿ ಕಾಯಿಲೆಯ ಹಾಜರಿ ಬರೆಯುತ್ತೇನೆ. ತಾರೀಖು, ಶುರುವಾದ ಹೊತ್ತು, ನಿಂತ ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ಏನು ತಿಂದೆ, ಕಿವಿಯ ಗುಂಯ್ ಎಷ್ಟಿತ್ತು. ನನ್ನ ಪುಸ್ತಕ ಹೇಳುವುದು ಏನೆಂದರೆ, ಕೊಯ್ಲಿನ ತಿಂಗಳುಗಳಲ್ಲಿ ನಿದ್ದೆ ಐದು ಗಂಟೆಗೆ ಇಳಿದಾಗ ಜಾಸ್ತಿ. ತಿರುಗಾಟದ ಹಿಂದಿನ ದಿನ ಎಡಗಿವಿ ಹೆಚ್ಚು ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ದಿನ ನಾನು ಆಫೀಸಿನಲ್ಲೇ ಇದ್ದು ಲೆಕ್ಕ ಬರೆಯುತ್ತೇನೆ. ನಿಮ್ಮ ಪುಸ್ತಕ ಬೇರೆ ಹೇಳಬಹುದು.

ತಿರುಗಾಟ ಇಲ್ಲದ ದಿನಗಳಲ್ಲಿ ಸಮತೋಲ ಹಿಡಿಯುವ ಅಭ್ಯಾಸ ಮಾಡಬೇಕು. ಫಿಸಿಯೋಥೆರಪಿಯವರು ಕಲಿಸಿದ್ದು ಸರಳ. ಹೆಬ್ಬೆರಳನ್ನು ಕಣ್ಣಿನ ಎದುರು ಹಿಡಿದು, ನೋಟ ಅದರ ಮೇಲೇ ಇಟ್ಟು ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದು. ಗೋಡೆಯ ಪಕ್ಕ ಒಂದು ಪಾದದ ಮುಂದೆ ಇನ್ನೊಂದು ಇಟ್ಟು ನಡೆಯುವುದು. ನಾನು ಕಣದ ಸಿಮೆಂಟಿನ ಗೆರೆ ಹಿಡಿದು ದಿನಾ ಹತ್ತು ನಿಮಿಷ ನಡೆಯುತ್ತೇನೆ. ತಿರುಗಾಟದ ದಿನ ಇದು ಬೇಡ.

ರಾತ್ರಿ ಕಿವಿಯ ಶಬ್ದಕ್ಕೆ ಮಳೆಗಾಲವೇ ಒಳ್ಳೆಯ ಮದ್ದು. ಹೆಂಚಿನ ಮೇಲೆ ಮಳೆ ಸುರಿಯುವಾಗ ಗುಂಯ್ ಅದರಲ್ಲಿ ಮುಳುಗಿಹೋಗುತ್ತದೆ. ಜನವರಿಯ ನಿಶ್ಶಬ್ದದಲ್ಲಿ ಮಾತ್ರ ಸಣ್ಣಗೆ ಫ್ಯಾನ್ ಹಾಕಿಕೊಳ್ಳುತ್ತೇನೆ.

ಆದರೆ ಅದೇ ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ, ಸಿಗ್ನಲ್ ಹೋಗುತ್ತದೆ, ಕೆಲವೊಮ್ಮೆ ರಸ್ತೆಯೂ ಹೋಗುತ್ತದೆ. ಒಳಕಿವಿ ಸೋತವರು ಕಣ್ಣಿನ ಬಲದಲ್ಲಿ ನಿಲ್ಲುತ್ತಾರೆ. ಕತ್ತಲಾದರೆ ಆ ಬಲವೂ ಇಲ್ಲ. ಹಾಗಾಗಿ ಮೇ ತಿಂಗಳಲ್ಲೇ ಮೈಸೂರಿಗೆ ಹೋಗಿ ತಪಾಸಣೆ ಮುಗಿಸಿ, ಮೂರು ತಿಂಗಳ ಗುಳಿಗೆ ತಂದಿಡಿ. ಅಂಗಳದ, ಬಚ್ಚಲಿನ ಪಾಚಿ ಉಜ್ಜಿಸಿ. ಮಂಚದಿಂದ ಬಚ್ಚಲಿನವರೆಗೆ ಹಿಡಿದು ನಡೆಯಲು ಒಂದು ಹಗ್ಗವನ್ನೋ ಬಿದಿರನ್ನೋ ಕಟ್ಟಿಸಿ. ಮಂಚದ ಕೆಳಗೆ ಒಂದು ಬೋಗುಣಿ ಇರಲಿ. ಗುಳಿಗೆಯ ಡಬ್ಬಿಯನ್ನು ಟಾರ್ಚಿನ ಪಕ್ಕದಲ್ಲೇ ಇಡಿ, ಎರಡೂ ಕತ್ತಲಲ್ಲಿ ಕೈಗೆ ಸಿಗಬೇಕು.